‘ಫೀಸು’ ಮತ್ತು ‘ಹಸು’ ಒಂದೇ ಬಳಗವೇ? ಮೂಲ ಜರ್ಮ್ಯಾನಿಕ್ *ಫೆಹು ಪದದ ಜಾಡು

ತುಂಗಭದ್ರೆ:
ಇಂಗ್ಲಿಷಿನ ‘ಫೀ’, ಸಂಸ್ಕೃತದ ‘ಪಶು’, ನಮ್ಮ ‘ಹಸು’ ಮೂರೂ ಒಂದೇ ಬೇರಿನವು ಎಂಬ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಕೆಳಗೆ ‘ಎಲ್ಲ ಭಾಷೆಗಳಿಗೂ ಸಂಸ್ಕೃತವೇ ತಾಯಿ’ ಎಂಬ ಒಕ್ಕಣೆ ಬೇರೆ. ಆ ಒಕ್ಕಣೆಯನ್ನು ಪಕ್ಕಕ್ಕಿಡೋಣ. ಪದಗಳ ನಂಟು ಮಾತ್ರ ಎಷ್ಟು ಗಟ್ಟಿ? ಮೂಲ ಜರ್ಮ್ಯಾನಿಕ್ (ಇಂಗ್ಲಿಷ್, ಜರ್ಮನ್, ನಾರ್ಡಿಕ್ ನುಡಿಗಳ ತಾಯಿಭಾಷೆ) ರೂಪ *ಫೆಹು ಎಂದು ಕೊಡುತ್ತಾರಲ್ಲ, ಅದನ್ನು ಯಾವ ಆಧಾರದ ಮೇಲೆ ಕಟ್ಟಿದ್ದಾರೆ, ಅದರ ಮಕ್ಕಳುಮರಿ ಈಗ ಎಲ್ಲೆಲ್ಲಿವೆ, ಬಲ್ಲವರು ಬಿಡಿಸಿ ಹೇಳಿ.

ಪದಜಾಡು:
ನಂಟು ಗಟ್ಟಿಯೇ. ಆದರೆ ‘ಫೀ’ ಇಂಗ್ಲಿಷಿಗೆ ಬಂದ ದಾರಿ ನೇರವಲ್ಲ, ಅದನ್ನು ಕೊನೆಗೆ ನೋಡೋಣ.

ಮೊದಲು ಬರಹದ ಬಗ್ಗೆ ಒಂದು ಮಾತು. ಪದದ ಮುಂದಿರುವ ಚುಕ್ಕಿಗುರುತಿನ (*) ಅರ್ಥ, ಈ ರೂಪ ಎಲ್ಲೂ ಬರೆದು ಸಿಕ್ಕಿಲ್ಲ, ಮಕ್ಕಳ ಮುಖ ನೋಡಿ ತಾಯಿಯ ಮುಖ ಊಹಿಸಿದ್ದು ಎಂದು. ಇಲ್ಲಿನ ‘ಫ’ವನ್ನು ‘ಫ್ಯಾನ್’ನಲ್ಲಿರುವಂತೆ ಓದಬೇಕು, ‘ಫಲ’ದಲ್ಲಿರುವಂತೆ ಅಲ್ಲ. ‘ಹ’ ನಮ್ಮ ಹಕಾರಕ್ಕಿಂತ ಒರಟು, ಉರ್ದುವಿನ ‘ಖಾನ್’ ಎಂಬುದರ ಮೊದಲ ದನಿಯ ಹತ್ತಿರ. ‘ಎ’ ಹ್ರಸ್ವ. ಹ್ರಸ್ವ–ದೀರ್ಘ ಎಕಾರಗಳಿಗೆ ಬೇರೆ ಬೇರೆ ಅಕ್ಷರ ಇರುವುದರಿಂದ ಈ ಪದಗಳನ್ನು ಕನ್ನಡದಲ್ಲಿ ಬರೆಯುವುದು ರೋಮನ್ ಲಿಪಿಗಿಂತ ಸಲೀಸು.

ಕಟ್ಟುವ ಕ್ರಮ ಹೀಗೆ. ಹಳೆಯ ದಾಖಲೆಗಳಲ್ಲಿ ಸಿಕ್ಕ ರೂಪಗಳನ್ನು ಸಾಲಾಗಿ ಇಡಿ: ಈಗ ಅಳಿದಿರುವ ಗಾಥಿಕ್ ನುಡಿಯ ‘ಫೆಹು’ (ಬರೆಯುವುದು ‘ಅಇ’ ಜೋಡಿಯಿಂದ), ಹಳೆ ಸ್ಯಾಕ್ಸನ್ ‘ಫೆಹು’, ಹಳೆ ಹೈ ಜರ್ಮನ್ ‘ಫಿಹು’ ಮತ್ತು ‘ಫೆಹು’, ಹಳೆ ಇಂಗ್ಲಿಷ್ ‘ಫೆಒಹ್’, ಹಳೆ ಫ್ರಿಸಿಯನ್ ‘ಫಿಆ’, ಹಳೆ ನಾರ್ಸ್ (ವೈಕಿಂಗರ ನುಡಿ) ‘ಫೇ’. ಈಗ ಒಂದೊಂದೇ ದನಿಯನ್ನು ಕಂಬಸಾಲಿನಲ್ಲಿ ನಿಲ್ಲಿಸಿ. ಮೊದಲ ದನಿ ಎಲ್ಲದರಲ್ಲೂ ‘ಫ್’, ತಕರಾರಿಲ್ಲ. ಸ್ವರ ಒಂದೊಂದು ಕಡೆ ಒಂದೊಂದು. ಆದರೆ ಪ್ರತಿ ವ್ಯತ್ಯಾಸಕ್ಕೂ ಆಯಾ ಭಾಷೆಯದೇ ನಿಯಮ ಉಂಟು. ಹಳೆ ಇಂಗ್ಲಿಷಿನಲ್ಲಿ ‘ಹ’ದ ಮುಂದೆ ‘ಎ’ ಒಡೆದು ‘ಎಒ’ ಆಗುತ್ತದೆ. ಹಳೆ ಹೈ ಜರ್ಮನ್‌ನಲ್ಲಿ ಮುಂದಿನ ಅಕ್ಷರದಲ್ಲಿ ‘ಉ’ ಇದ್ದರೆ ‘ಎ’ ಮೇಲೇರಿ ‘ಇ’ ಆಗುತ್ತದೆ. ನಾರ್ಸ್‌ನಲ್ಲಿ ‘ಹ’ ಬಿದ್ದುಹೋಗಿ ಸ್ವರ ದೀರ್ಘವಾಗುತ್ತದೆ. ಇವನ್ನೆಲ್ಲ ಹಿಂದಕ್ಕೆ ಓಡಿಸಿದರೆ ಉಳಿಯುವುದು *ಫೆಹು, ಉಕಾರಾಂತ ನಪುಂಸಕಲಿಂಗ. ನಪುಂಸಕವಾದ್ದರಿಂದ ಪ್ರಥಮಾ ವಿಭಕ್ತಿಯಲ್ಲಿ ಕೊನೆಯ ‘ಝ್’ ಇಲ್ಲ. ಅಂತರ್ಜಾಲದಲ್ಲಿ ಅಲ್ಲಲ್ಲಿ *ಫೆಹುಝ್ ಎಂದು ಕಾಣಿಸುತ್ತದೆ, ಅದು ತಪ್ಪು. *ಕುನಿಂಗಝ್ (ರಾಜ) ತರಹದ ಪುಲ್ಲಿಂಗ ಪದಗಳನ್ನು ನೋಡಿ ಬಾಲ ಅಂಟಿಸಿದ್ದಾರೆ.

ಗಮಕಿ:
ಜರ್ಮ್ಯಾನಿಕ್ ಒಳಗಿನದು ಸರಿ. ಅಲ್ಲಿಂದ ಪಶುವಿಗೆ ಹಾರುವಾಗ ಎರಡೇ ವ್ಯಂಜನದ ಪದ ಇದು. ಕಾಕತಾಳೀಯ ಅಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ?

ಪದಜಾಡು:
ಕೇಳಬೇಕಾದ ಪ್ರಶ್ನೆಯೇ. ಒಂದು ಪದ ಹೋಲುತ್ತದೆ ಎಂಬುದಕ್ಕೆ ಬೆಲೆ ಇಲ್ಲ. ಅದೇ ಹೊಂದಾಣಿಕೆ ಬೇರೆ ಪದಗಳಲ್ಲೂ ಮರುಕಳಿಸಬೇಕು.

ಸಂಸ್ಕೃತ ‘ದಶ’, ಲ್ಯಾಟಿನ್ ‘ದೆಕೆಮ್’, ಗಾಥಿಕ್ ‘ತೆಹುನ್’ ನೋಡಿ. ಪಕ್ಕದಲ್ಲಿ ‘ಪಶು’, ಲ್ಯಾಟಿನ್ ‘ಪೆಕು’, ಗಾಥಿಕ್ ‘ಫೆಹು’ ಇಡಿ. ಒಳಗಿನ ದನಿ ಎರಡು ಸಾಲಿನಲ್ಲೂ ಶ–ಕ–ಹ. ಮೊದಲ ದನಿಗೆ ‘ಪಿತೃ’, ‘ಪತೆರ್’, ‘ಫಾದರ್’ ಸಾಲು ಉಂಟು. 1822ರಲ್ಲಿ ಯಾಕೋಬ್ ಗ್ರಿಮ್ ಕ್ರಮಬದ್ಧವಾಗಿ ಹೇಳಿದ್ದು ಇದನ್ನೇ: ಪ್, ತ್, ಕ್ ಜರ್ಮ್ಯಾನಿಕ್‌ನಲ್ಲಿ ಉಜ್ಜುವ ದನಿಗಳಾಗುತ್ತವೆ. ಹಾಗಾಗಿ ಮೂಲ ಇಂಡೋ-ಯುರೋಪಿಯನ್ (ಸಂಸ್ಕೃತ, ಲ್ಯಾಟಿನ್, ಜರ್ಮ್ಯಾನಿಕ್ ಎಲ್ಲಕ್ಕೂ ತಾಯಿಭಾಷೆ) ರೂಪ *ಪೆಕು, ಅದರ ಕಕಾರ ತಾಲವ್ಯದ ಕಡೆಗೆ ವಾಲಿದ್ದು. ಸಂಸ್ಕೃತ, ಅವೆಸ್ತನ್ (ಹಳೆಯ ಇರಾನಿ ನುಡಿ) ಕಡೆ ಅದು ಶ/ಸ ಆಯಿತು, ಲ್ಯಾಟಿನ್ ಕಡೆ ಕ್ ಆಗಿಯೇ ಉಳಿಯಿತು. ಎಂದರೆ ‘ಪಶು’ ತಾಯಿಯಲ್ಲ, ‘ಫೆಹು’ವಿನ ಅಕ್ಕ. ಮೇಲಿನ ವಾಟ್ಸಾಪ್ ಒಕ್ಕಣೆ ಬಿದ್ದುಹೋಗುವುದು ಇಲ್ಲಿಯೇ. ಮೂಲದ ‘ಎ’ಯನ್ನು ಲ್ಯಾಟಿನ್, ಗಾಥಿಕ್ ಎರಡೂ ಉಳಿಸಿಕೊಂಡಿವೆ, ಸಂಸ್ಕೃತ ಅದನ್ನು ‘ಅ’ ಮಾಡಿಕೊಂಡಿದೆ.

ಇನ್ನೂ ನಯವಾದ ಪರೀಕ್ಷೆ ಒಂದಿದೆ. 1877ರಲ್ಲಿ ಅಚ್ಚಾದ ಕಾರ್ಲ್ ವೆರ್ನರ್ ನಿಯಮದಂತೆ ಈ ಉಜ್ಜುದನಿಯ ಹಿಂದಿನ ಸ್ವರಕ್ಕೆ ಮೂಲದಲ್ಲಿ ಉದಾತ್ತ (ಏರುದನಿಯ ಒತ್ತು) ಇರದಿದ್ದರೆ ಅದು ಘೋಷವಾಗಬೇಕು, ಹ್ ಬದಲು ಗ್ ಬರಬೇಕು. ಇಂಗ್ಲಿಷಿನ ‘ಟೆನ್’ ಮತ್ತು ‘ಟ್ವೆಂಟಿ’ಯ ಬಾಲ ‘-ಟಿ’ ಒಂದೇ ಬೇರಿನವು. ಗಾಥಿಕ್‌ನಲ್ಲಿ ಮೊದಲನೆಯದು ‘ತೆಹುನ್’, ಎರಡನೆಯದು ‘ತಿಗುಸ್’, ಅಂದರೆ ಹತ್ತರ ಗುಂಪು. ಉದಾತ್ತ ಬೇರೆ ಬೇರೆ ಕಡೆ ಇದ್ದುದರಿಂದ ಒಂದರಲ್ಲಿ ಹ್, ಇನ್ನೊಂದರಲ್ಲಿ ಗ್. ನಮ್ಮ ಪದದಲ್ಲಿ ಹ್ ಇದೆ, ಹಾಗಾದರೆ ಉದಾತ್ತ ಮೊದಲ ಅಕ್ಷರದ ಮೇಲಿರಬೇಕು. ಆದರೆ ವೇದದಲ್ಲಿ ಸಾಮಾನ್ಯವಾಗಿ ಸಿಗುವ ಪುಲ್ಲಿಂಗ ‘ಪಶು’ವಿನಲ್ಲಿ ಉದಾತ್ತ ಕೊನೆಯದರ ಮೇಲೆ! ತೊಡಕು ಬಿಡಿಸುವುದು ಋಗ್ವೇದದಲ್ಲಿ ಅಪರೂಪಕ್ಕೆ ಸಿಗುವ ನಪುಂಸಕ ‘ಪಶು’. ಅದರ ಉದಾತ್ತ ಮೊದಲ ಅಕ್ಷರದ ಮೇಲಿದೆ. *ಫೆಹು ಕೂಡ ನಪುಂಸಕ, ಲ್ಯಾಟಿನ್ ‘ಪೆಕು’ ಕೂಡ ನಪುಂಸಕ. ಲಿಂಗ, ಸ್ವರಾಘಾತ, ಅಂತ್ಯ ಮೂರೂ ಕೂಡಿ ಬಂದ ಮೇಲೆ ಕಾಕತಾಳೀಯಕ್ಕೆ ಜಾಗ ಎಲ್ಲಿದೆ?

ಗಮಕಿ:
ಒಪ್ಪಿದೆ. ಬಾಲ್ಟಿಕ್ ಕಡೆ ಮಾತ್ರ ಸ್ವಲ್ಪ ಕಿರಿಕಿರಿ. ಲಿಥುವೇನಿಯನ್ ‘ಪೆಕುಸ್’, ಹಳೆ ಪ್ರಷ್ಯನ್ ‘ಪೆಕ್ಕು’. ಲಿಥುವೇನಿಯನ್‌ನಲ್ಲೂ ಸಂಸ್ಕೃತದ ಹಾಗೆ ಶಕಾರ ಬರಬೇಕಿತ್ತು, ಕಕಾರ ಬಂದಿದೆ. ಅದೇ ಭಾಷೆಯಲ್ಲಿ ‘ಪೆಶ್ತಿ’ (ಕೀಳು, ತರಿ) ಎಂಬ ಕ್ರಿಯಾಪದ ಶಕಾರದ ಜೊತೆ ನೆಟ್ಟಗೆ ನಿಂತಿದೆ. ಪಡುವಣದ ನೆರೆಯವರಿಂದ ಎರವಲು ಬಂದಿರಬೇಕು ಎಂಬುದು ಒಂದು ವಾದ, ಬಾಲ್ಟಿಕ್‌ನಲ್ಲಿ ಈ ಬದಲಾವಣೆ ಎಲ್ಲ ಪದಕ್ಕೂ ತಲುಪಲಿಲ್ಲ ಎಂಬುದು ಇನ್ನೊಂದು.

ಹಳೆಪುಟ:
ಅರ್ಥದ ಕಡೆಗೂ ಬನ್ನಿ. ರೂಪದಷ್ಟೇ ರುಚಿ ಅಲ್ಲೂ ಇದೆ.

ಜರ್ಮ್ಯಾನಿಕ್ ಭಾಷೆಗಳಲ್ಲಿ ನಮಗೆ ಸಿಕ್ಕ ಅತಿ ಹಳೆಯ ದೊಡ್ಡ ಗ್ರಂಥ 4ನೇ ಶತಮಾನದಲ್ಲಿ ವುಲ್ಫಿಲ ಎಂಬ ಬಿಷಪ್ ಮಾಡಿದ ಗಾಥಿಕ್ ಬೈಬಲ್ ಅನುವಾದ. ಅದರ ಮುಖ್ಯ ಹಸ್ತಪ್ರತಿ ಈಗ ಸ್ವೀಡನ್ನಿನ ಉಪ್ಸಾಲದಲ್ಲಿದೆ. ಅದರಲ್ಲಿ ‘ಫೆಹು’ ದನ ಅಲ್ಲವೇ ಅಲ್ಲ! ಆಸ್ತಿ, ಹಣ. ಐಶ್ವರ್ಯವಂತರು ದೇವರ ರಾಜ್ಯ ಸೇರುವುದು ಕಷ್ಟ ಎನ್ನುವಲ್ಲಿಯೂ, ಯೂದನಿಗೆ ಬೆಳ್ಳಿ ಕೊಡುತ್ತೇವೆಂದು ಮಾತುಕೊಡುವಲ್ಲಿಯೂ ಇದೇ ಪದ. ದುರಾಸೆಯವನಿಗೆ ‘ಫೆಹುಫ್ರಿಕ್ಸ್’, ಅಂದರೆ ಫೆಹುವಿಗೆ ಬಾಯಿಬಿಡುವವನು.

ಇತ್ತ ಹೈ ಜರ್ಮನ್ ಸಾಲಿನಲ್ಲಿ ದನದ ಅರ್ಥವೇ ಗಟ್ಟಿಯಾಗಿ ನಿಂತಿತು, ಈಗಿನ ಜರ್ಮನ್ ‘ಫೀ’ (ಬರೆಯುವಾಗ ಮೊದಲು ‘ಫೌ’ ಅಕ್ಷರ, ಕೊನೆಗೆ ಉಚ್ಚರಿಸದ ‘ಹ’) ಎಂದರೆ ಸಾಕಿದ ಜಾನುವಾರು ಅಷ್ಟೇ. ಬವೇರಿಯದ ಆಡುಮಾತಿನಲ್ಲಿ ಅದೇ ಪದ ‘ಫೀಹ್’ ಎಂದು ಒರಟು ಹಕಾರದ ಜೊತೆ ಉಳಿದಿದೆ. ಡಚ್ ‘ವೇ’ ಕೂಡ ಜಾನುವಾರು, ಪಶುವೈದ್ಯ ‘ವೇ-ಆರ್ಟ್ಸ್’. ಹಳೆ ಇಂಗ್ಲಿಷಿನ ‘ಫೆಒಹ್’ ಎರಡು ದೋಣಿಯಲ್ಲೂ ಕಾಲಿಟ್ಟದ್ದು: ದನವೂ ಹೌದು, ದುಡ್ಡೂ ಹೌದು.

ಇಟಲಿಗೆ ಇಳಿದ ಲೊಂಬಾರ್ಡರು ಎಂಬ ಜರ್ಮ್ಯಾನಿಕ್ ಜನರ ಕುರುಹು ಅವರ ಕಾನೂನಿನಲ್ಲಿದೆ. 643ರ ರೋಥರಿ ರಾಜನ ಶಾಸನ ಲ್ಯಾಟಿನ್‌ನಲ್ಲಿದ್ದರೂ ನಡುವೆ ‘ಫಾದೆರ್‌ಫಿಒ’ ಎಂಬ ಅವರದೇ ಪದ ಬರುತ್ತದೆ. ಮದುವೆಯಾಗಿ ಹೋಗುವ ಮಗಳಿಗೆ ತಂದೆ ಕೊಡುವ ಸ್ವತ್ತು, ಅಕ್ಷರಶಃ ‘ಅಪ್ಪನ ಫೆಹು’. ನಮ್ಮ ಬಳುವಳಿಗೆ ಹತ್ತಿರದ್ದು.

ರೂನ್‌ಗಲ್ಲು:
ಜರ್ಮ್ಯಾನಿಕ್ ಜನರ ಹಳೆಯ ಕೆತ್ತುಬರಹವಾದ ರೂನ್ ಲಿಪಿಯ ಮೊದಲ ಅಕ್ಷರದ ಹೆಸರೂ ಇದೇ. ನೆಟ್ಟಗಿನ ಒಂದು ಗೀಟು, ಬಲಕ್ಕೆ ಮೇಲ್ಮುಖವಾಗಿ ಎರಡು ಕೈ. ಇಡೀ ಲಿಪಿಯನ್ನು ‘ಫುಥಾರ್ಕ್’ ಎನ್ನುವುದು ಮೊದಲ ಆರು ಅಕ್ಷರಗಳ ದನಿಯಿಂದ.

ಇಲ್ಲಿ ಒಂದು ಎಚ್ಚರ. 24 ಅಕ್ಷರದ ಹಳೆಯ ಸಾಲನ್ನು ಕೆತ್ತಿದ ಕಲ್ಲು ಸ್ವೀಡನ್ನಿನ ಗಾಟ್ಲಂಡ್ ದ್ವೀಪದ ಕಿಲ್ವರ್‌ನಲ್ಲಿ ಸಿಕ್ಕಿದೆ, ಸುಮಾರು ಕ್ರಿ.ಶ. 400ರದು. ಅದರಲ್ಲಿ ಅಕ್ಷರಗಳಿವೆ, ಹೆಸರುಗಳಿಲ್ಲ. ಹೆಸರು ತಿಳಿಯುವುದು ಎಷ್ಟೋ ಶತಮಾನದ ಆಚೆಗಿನ ಹಸ್ತಪ್ರತಿಗಳಿಂದ ಮತ್ತು ಹಳೆ ಇಂಗ್ಲಿಷ್, ನಾರ್ವೇಜಿಯನ್, ಐಸ್‌ಲ್ಯಾಂಡಿಕ್ ರೂನ್ ಪದ್ಯಗಳಿಂದ. ಅವುಗಳಲ್ಲಿ ‘ಫೆಒಹ್’, ‘ಫೇ’ ಎಂದಿರುವುದನ್ನು ಹಿಂದಕ್ಕೆ ಓಡಿಸಿ *ಫೆಹು ಎಂಬ ಹೆಸರು ಕೊಟ್ಟದ್ದು ಈಚಿನ ವಿದ್ವಾಂಸರು. ರೂನ್ ಭವಿಷ್ಯ ಹೇಳುವ ಪುಸ್ತಕಗಳು ಇದೇ ಹೆಸರನ್ನು ಚುಕ್ಕಿಗುರುತು ತೆಗೆದು, ಕಲ್ಲಿನಲ್ಲೇ ಕೆತ್ತಿತ್ತೇನೋ ಎಂಬಂತೆ ಮಾರುತ್ತವೆ.

ಪದ್ಯಗಳಲ್ಲಿ ಅರ್ಥ ಬಹುಪಾಲು ಸಂಪತ್ತು. ಇಂಗ್ಲಿಷ್ ಪದ್ಯ ಅದನ್ನು ಎಲ್ಲರಿಗೂ ನೆಮ್ಮದಿ ಎನ್ನುತ್ತದೆ, ಆದರೆ ಧಾರಾಳವಾಗಿ ಹಂಚಬೇಕು. ನಾರ್ಡಿಕ್ ಪದ್ಯಗಳೆರಡೂ ಅದು ನೆಂಟರ ನಡುವೆ ಜಗಳ ತರುತ್ತದೆ ಎನ್ನುತ್ತವೆ. ಪಾಲುಪಾರಿಕತ್ತು ನೋಡಿದವರಿಗೆ ಎರಡನೆಯದು ಬಿಡಿಸಿ ಹೇಳಬೇಕಿಲ್ಲ.

ತುಂಗಭದ್ರೆ:
ಹಾಗಾದರೆ ಇಂಗ್ಲಿಷಿನ ‘ಫ್ಯೂಡ್’ (ಮನೆತನದ ಹಗೆ) ಇದರಿಂದಲೇ ಬಂದದ್ದಲ್ಲವೇ? ಆಸ್ತಿ ಜಗಳ ತಾನೆ. ‘ಫೈನಾನ್ಸ್’, ‘ಫೀಡ್’ (ಮೇವು)?

ಹಳೆಪುಟ:
ಮೂರೂ ಅಲ್ಲ. ಹಗೆಯ ‘ಫ್ಯೂಡ್’ *ಫೈಹಿಥೋ ಎಂಬ ಬೇರೆ ನಾಮಪದದ್ದು, ‘ಫೋ’ (ಶತ್ರು) ಪದದ ನೆಂಟ. ಅಲ್ಲಿರುವುದು ನಿಜವಾದ ‘ಐ’ ಸಂಧ್ಯಕ್ಷರ. ಗಾಥಿಕ್‌ನಲ್ಲಿ ‘ಅಇ’ ಬರಹ ಎರಡಕ್ಕೂ ಬಳಕೆಯಾಗುವುದೇ ಗೊಂದಲಕ್ಕೆ ದಾರಿ: ಹ, ರ ಮುಂದೆ ಬಂದಾಗ ಬಹುಮಟ್ಟಿಗೆ ಹ್ರಸ್ವ ಎಕಾರ, ಬೇರೆಡೆ ಹಳೆಯ ‘ಐ’. ಸೋದರ ಭಾಷೆಗಳಲ್ಲಿ ತಾಳೆ ನೋಡದೆ ಗಾಥಿಕ್ ಬರಹವನ್ನಷ್ಟೇ ನಂಬಿದರೆ ಹಗೆಯೂ ಹಸುವೂ ಒಂದೇ ಕೊಟ್ಟಿಗೆಗೆ ಬೀಳುತ್ತವೆ.

‘ಫೈನಾನ್ಸ್’ ಲ್ಯಾಟಿನ್ ‘ಫೀನಿಸ್’ (ಕೊನೆ, ಲೆಕ್ಕ ತೀರಿಸು) ಇಂದ. ‘ಫೀಡ್’ ‘ಫುಡ್’ನ ಕ್ರಿಯಾಪದ. ಅಂದಹಾಗೆ, ಮೂಲದಲ್ಲಿ ‘ಫ’ ಇರುವ ಲ್ಯಾಟಿನ್ ಪದ ಎಂದಿಗೂ ಜರ್ಮ್ಯಾನಿಕ್ ‘ಫ’ಕ್ಕೆ ಜೋಡಿಯಾಗುವುದಿಲ್ಲ, ಎರವಲು ಆದರೆ ಮಾತ್ರ. ಜೋಡಿಗೆ ‘ಪ’ ಹುಡುಕಬೇಕು. ಇದೊಂದನ್ನು ನೆನಪಿಟ್ಟರೆ ಅರ್ಧ ತಪ್ಪು ತಪ್ಪುತ್ತದೆ.

ಉತ್ತರದ ನೋಟ:
ಪದ ಇವತ್ತಿಗೂ ಮೈತುಂಬಿ ಬದುಕಿರುವುದು ಐಸ್‌ಲ್ಯಾಂಡಿಕ್‌ನಲ್ಲಿ. ‘ಫ್ಯೇ’ ಎಂದರೆ ಹಣ, ಜಾನುವಾರು, ಅದರಲ್ಲೂ ಕುರಿ. ಷಷ್ಠಿ ವಿಭಕ್ತಿ ‘ಫ್ಯಾರ್’ (ಇಂದಿನ ಬಾಯಲ್ಲಿ ‘ಫ್ಯಾವ್ರ್’ಗೆ ಹತ್ತಿರ). ಪ್ರಥಮೆಗೂ ಷಷ್ಠಿಗೂ ಇಷ್ಟು ದೂರ ಏಕೆಂದರೆ, ಷಷ್ಠಿ ಮೂಲದಲ್ಲಿ *ಫೆಹೌಝ್. ನಡುವಿನ ಹಕಾರ ಬಿದ್ದ ಮೇಲೆ ‘ಎ’ ಮತ್ತು ‘ಅ’ ಮುಖಾಮುಖಿಯಾಗಿ, ‘ಎ’ ಸವೆದು ಯಕಾರವಾಯಿತು, ಹಿಂದಿನ ‘ಅ’ ದೀರ್ಘವಾಯಿತು. ನಮ್ಮ ಯಣ್ ಸಂಧಿ ಬಲ್ಲವರಿಗೆ ಈ ನಡೆ ಹೊಸದೆನಿಸದು.

ಸಮಾಸಗಳಲ್ಲಿ ಹೆಚ್ಚಾಗಿ ಬರುವುದು ಈ ಷಷ್ಠಿ ರೂಪವೇ. ‘ಫ್ಯಾರ್-ಹೂಸ್’ ಕುರಿಕೊಟ್ಟಿಗೆ, ‘ಫ್ಯಾರ್-ಹುಂದುರ್’ ಕುರಿನಾಯಿ, ‘ಫ್ಯಾರ್-ಲೋಗ್’ ಸರ್ಕಾರದ ಬಜೆಟ್, ‘ಫ್ಯಾರ್ಮಾಲ-ರಾಧ್‌ಹೆರ್ರ’ ಹಣಕಾಸು ಸಚಿವ. ‘ಫ್ಯೇ-ಹಿರ್ಧಿರ್’ ಇನ್ನೂ ಚೆಂದ: ‘ಫ್ಯೇ’ ಕಾಯುವವನು. ಹಿಂದೆ ಕುರುಬ, ಜೊತೆಗೇ ಖಜಾಂಚಿ.

ಉಳಿದ ನಾರ್ಡಿಕ್ ಭಾಷೆಗಳಲ್ಲಿ ಪದದ ಮಾನ ಇಳಿದಿದೆ. ಡ್ಯಾನಿಶ್ ‘ಫೆ’ ಎಂದರೆ ದಡ್ಡ, ಸ್ವೀಡಿಶ್ ‘ಫೆ’ ಬೈಗುಳ. ಸ್ವೀಡಿಶ್‌ನಲ್ಲಿ ‘ಫೋಲ್ಕ್ ಓಕ್ ಫೆ’ ಎಂಬ ಜೋಡಿನುಡಿ ಮಾತ್ರ ಹಳೆಯ ಗೌರವದಲ್ಲಿ ನಡೆಯುತ್ತಿದೆ. ‘ಜನ ಜಾನುವಾರು’ ಎಂಬ ನಮ್ಮ ಮಾತಿನ ಹಾಗೆ.

ಇಂಗ್ಲಿಷಿಗೆ ಈ ಕಡೆಯಿಂದ ಬಂದ ಕೊಡುಗೆ ‘ಫೆಲೋ’. ಹಳೆ ನಾರ್ಸ್ ‘ಫೇಲಗಿ’: ಫೇ (ಹಣ), ‘ಲಗ್’ (ಇಡುವುದು). ಒಟ್ಟಿಗೆ ಬಂಡವಾಳ ಇಟ್ಟವನು, ಪಾಲುದಾರ. ಈಗಿನ ಜರ್ಮನಿಗೆ ಸೇರಿದ ಹೇದೆಬಿ ಬಳಿಯ ರೂನ್ ಕಲ್ಲೊಂದರಲ್ಲಿ ತೋರುಲ್ಫ್ ಎಂಬವನು ತನ್ನ ‘ಫೇಲಗಿ’ ಎರಿಕ್‌ನ ನೆನಪಿಗೆ ಕಲ್ಲು ನಿಲ್ಲಿಸಿದ್ದಾಗಿ ಬರೆಸಿದ್ದಾನೆ. ವೈಕಿಂಗರ ಜೊತೆ ಇಂಗ್ಲೆಂಡಿಗೆ ಹೋದ ಪದ ಹಳೆ ಇಂಗ್ಲಿಷಿನ ಕೊನೆಗಾಲದಲ್ಲಿ ‘ಫೇಒಲಗ’ ಆಗಿ ಕಾಣಿಸಿಕೊಂಡಿತು. ಪಾಲುದಾರ, ಜೊತೆಗಾರ, ಕೊನೆಗೆ ‘ಯಾರೋ ಒಬ್ಬ ಆಸಾಮಿ’. ಐಸ್‌ಲ್ಯಾಂಡಿಕ್ ‘ಫ್ಯೇಲಾಗ್’ ಈಗಲೂ ಸಂಘ, ಕಂಪನಿ.

ಗಮಕಿ:
ಎಲ್ಲ ಬಂತು, ಶುರುವಿನ ‘ಫೀ’ ಬರಲಿಲ್ಲ. ಇದರಲ್ಲೇ ಜನ ಹೆಚ್ಚು ಎಡವುವುದು.

ಪದಜಾಡು:
ಹೌದು. ಇಂಗ್ಲಿಷಿನಲ್ಲಿ ಎರಡು ‘ಫೀ’ ಇದ್ದವು.

ಒಂದು ಮನೆಮಗ. ಹಳೆ ಇಂಗ್ಲಿಷ್ ‘ಫೆಒಹ್’, ಷಷ್ಠಿಯಲ್ಲಿ ‘ಫೇಒಸ್’, ಚತುರ್ಥಿಯಲ್ಲಿ ‘ಫೇಒ’. ಅಲ್ಲಿಂದ ನಡುಗಾಲದ ‘ಫೇ’, ಅರ್ಥ ದನ, ಚರಸ್ವತ್ತು. ಈ ಪದ ಸತ್ತಿದೆ.

ಎರಡನೆಯದು 1066ರ ಬಳಿಕ ನಾರ್ಮನ್ ಫ್ರೆಂಚ್ ಮಾತಾಡುವವರ ಜೊತೆ ಬಂದ ‘ಫೇ’. ಹಳೆ ಫ್ರೆಂಚಿನ ‘ಫ್ಯೆಫ್’, ‘ಫ್ಯೂ’ ಇದರ ರೂಪಭೇದಗಳು. ಅರ್ಥ: ಒಡೆಯನ ಸೇವೆ ಮಾಡುವ ಕರಾರಿನ ಮೇಲೆ ಸಿಕ್ಕ ಭೂಮಿ. ನಮ್ಮ ಉಂಬಳಿ, ಜಹಗೀರು ನೆನಪಿಸಿಕೊಳ್ಳಿ, ಪೂರ್ತಿ ಒಂದೇ ಅಲ್ಲದಿದ್ದರೂ. ಭೂಮಿಯ ಹಾಗೆ ಅಧಿಕಾರದ ಹುದ್ದೆಯೂ ಇದೇ ಕರಾರಿನಲ್ಲಿ ಸಿಗುತ್ತಿತ್ತು. ಹುದ್ದೆಯಲ್ಲಿದ್ದವನು ಪ್ರತಿ ಕೆಲಸಕ್ಕೆ ಜನರಿಂದ ಪಡೆಯುವ ಹಣಕ್ಕೂ ಅದೇ ಹೆಸರಾಯಿತು. ಅಲ್ಲಿಂದ ವಕೀಲರ, ವೈದ್ಯರ, ಶಾಲೆಯ ಫೀ. ಅದರ ಬಹುವಚನವೇ ಕನ್ನಡದ ‘ಫೀಸು’. ಭೂಮಿಯ ಅರ್ಥ ಇಂಗ್ಲಿಷ್ ಕಾನೂನಿನ ‘ಫೀ ಸಿಂಪಲ್’ನಲ್ಲಿ ಈಗಲೂ ಇದೆ. ಸ್ಕಾಟ್ಲೆಂಡಿನಲ್ಲಿ ‘ಫ್ಯೂ’ ಎಂಬ ರೂಪದಲ್ಲಿ ಉಳಿದಿದ್ದ ಪದ್ಧತಿಯನ್ನು 2000ದ ಕಾಯಿದೆ ರದ್ದು ಮಾಡಿತು, ಅದು ಜಾರಿಗೆ ಬಂದದ್ದು 2004ರ ನವೆಂಬರ್ 28ರಂದು.

ಈ ಫ್ರೆಂಚ್ ಪದದ ಮೂಲ? ಅದರ ಲ್ಯಾಟಿನ್ ವೇಷ ‘ಫೆಒದುಮ್’, ‘ಫೆವುದುಮ್’ (‘ಫ್ಯೂಡಲ್’ ಬಂದದ್ದು ಇಲ್ಲಿಂದ). ಹೆಚ್ಚು ಚಾಲ್ತಿಯಲ್ಲಿರುವ ವಿವರಣೆ ಫ್ರಾಂಕರ ಜರ್ಮ್ಯಾನಿಕ್ ನುಡಿಯ *ಫೆಹು, ಜೊತೆಗೆ *ಓದ್ (ಸಂಪತ್ತು, ‘ಎಡ್ವರ್ಡ್’ ಹೆಸರಿನ ‘ಎಡ್’ ಇದೇ). ದಕಾರ ಎಲ್ಲ ಹಳೆಯ ರೂಪಗಳಲ್ಲಿ ಇಲ್ಲ, ಹಾಗಾಗಿ ಅದು ‘ಅಲ್ಲೋದಿಯುಮ್’ (ಯಾರ ಹಂಗೂ ಇಲ್ಲದ ಸ್ವಂತ ಭೂಮಿ) ಪದದ ಸಹವಾಸದಿಂದ ಆಮೇಲೆ ಅಂಟಿಕೊಂಡದ್ದು ಎನ್ನುವವರೂ ಇದ್ದಾರೆ. ಚರ್ಚೆ ಮುಗಿದಿಲ್ಲ. ಮೊದಲ ಭಾಗ *ಫೆಹು ಎಂಬುದಕ್ಕೆ ಬೆಂಬಲ ಹೆಚ್ಚು, ಅಷ್ಟೇ.

ಎರಡು ಪದಗಳೂ ನಡುಗಾಲದಲ್ಲಿ ಒಂದೇ ಉಚ್ಚಾರಕ್ಕೆ ಬಂದವು. ಅದಕ್ಕೇ ‘ದನ ಕೊಟ್ಟು ತೆರುತ್ತಿದ್ದರು, ಅದೇ ಫೀ’ ಎಂಬ ನೇರ ಕತೆ ಹುಟ್ಟಿದ್ದು. ಕತೆ ಚೆನ್ನಾಗಿದೆ, ದಾರಿ ಬೇರೆ.

ಗಮಕಿ:
ಮೊದಲು ದನವೋ ಮೊದಲು ಆಸ್ತಿಯೋ? ಜರ್ಮನರ ಏಕೈಕ, ಮೆಚ್ಚಿನ ಸಂಪತ್ತು ದನ ಎಂದು ರೋಮನ್ ಇತಿಹಾಸಕಾರ ಟಾಸಿಟಸ್ ಕ್ರಿ.ಶ. 98ರ ಸುಮಾರಿಗೆ ಬರೆದಿದ್ದಾನೆ. ದಂಡವನ್ನೂ ಕುದುರೆ, ದನಗಳಲ್ಲಿ ತೆರುತ್ತಿದ್ದರಂತೆ. ಹಾಗಾಗಿ ದನದಿಂದ ಹಣ ಎಂಬುದೇ ಸಹಜ ಅನ್ನಿಸುತ್ತದೆ.

ಪದಜಾಡು:
ಸಹಜ ಎನಿಸುವುದು ಹೌದು. ಫ್ರೆಂಚ್ ಭಾಷಾವಿಜ್ಞಾನಿ ಎಮಿಲ್ ಬೆನ್‌ವೆನಿಸ್ಟ್ 1969ರಲ್ಲಿ ಇದನ್ನು ತಲೆಕೆಳಗು ಮಾಡಿದರು. *ಪೆಕು ಎಂದರೆ ಮೊದಲಿಗೆ ಚರಸ್ವತ್ತು, ನಡೆಸಿಕೊಂಡು ಹೋಗಬಹುದಾದ ಎಲ್ಲವೂ, ಆಳುಕಾಳು ಸೇರಿ. ದನ, ಕುರಿ ಆಮೇಲೆ ಕಿರಿದಾದ ಅರ್ಥ ಎಂದು. ಅವರ ಪರವಾಗಿ ಗಾಥಿಕ್ ಇದೆ, ಜರ್ಮ್ಯಾನಿಕ್‌ನ ಅತಿ ಹಳೆಯ ಸಾಕ್ಷಿಯಲ್ಲೇ ಹಣ. ಅವೆಸ್ತನ್ನಿನಲ್ಲೂ ಇಟಲಿಯ ಉಂಬ್ರಿಯನ್ ಶಾಸನಗಳಲ್ಲೂ ‘ಆಳು ಮತ್ತು ಪಶು’ ಎಂಬ ಜೋಡಿ ಇದೆ. ಅಥರ್ವವೇದ ಐದು ಪಶುಗಳನ್ನು ಎಣಿಸುವಾಗ ಗೋವು, ಕುದುರೆ, ಆಡು, ಕುರಿಗಳ ಜೊತೆ ಮನುಷ್ಯನನ್ನೂ ಸೇರಿಸುತ್ತದೆ.

ಎದುರು ಪಕ್ಷಕ್ಕೂ ಬಲವಿದೆ. *ಪೆಕ್ ಎಂಬ ಧಾತುವಿಗೆ ಉಣ್ಣೆ ಕೀಳು, ಬಾಚು ಎಂಬ ಅರ್ಥ. ಗ್ರೀಕ್ ‘ಪೆಕೊಸ್’ (ತುಪ್ಪಟ), ಲ್ಯಾಟಿನ್ ‘ಪೆಕ್ತೆನ್’ (ಬಾಚಣಿಗೆ), ಮೇಲೆ ಬಂದ ‘ಪೆಶ್ತಿ’ ಎಲ್ಲ ಅದರವು. ಹಳೆ ಇಂಗ್ಲಿಷಿನ ‘ಫೆಅಕ್ಸ್’ (ತಲೆಗೂದಲು) ಕೂಡ ಈ ಕಡೆಯದೆನ್ನುತ್ತಾರೆ, ‘ಫೇರ್‌ಫ್ಯಾಕ್ಸ್’ ಮನೆತನದ ಹೆಸರಿನಲ್ಲಿ ಅದು ಉಳಿದಿದೆ. ಹಾಗಾದರೆ ಪಶು ಎಂದರೆ ಉಣ್ಣೆ ಕೊಡುವುದು, ಕುರಿ. ಪಶ್ತೋ ಭಾಷೆಯ ‘ಪ್ಸ’, ಕಾಕಸಸ್ಸಿನ ಒಸ್ಸೇಟಿಯನ್ ‘ಫಿಸ್’ ಇಂದಿಗೂ ಕುರಿಯೇ. ಪದ ಅಷ್ಟು ದೂರದ ಕೊನೆಗಳಲ್ಲಿ ಒಂದೇ ಅರ್ಥ ಉಳಿಸಿಕೊಂಡಿದ್ದರೆ ಅದನ್ನು ಸುಲಭಕ್ಕೆ ತಳ್ಳಲಾಗದು. ನನ್ನ ತಕ್ಕಡಿ ಕುರಿಯ ಕಡೆಗೇ ವಾಲುತ್ತದೆ.

ತುಂಗಭದ್ರೆ:
ಹಾಗಿದ್ದರೆ ಹಸುವಿನ ಲೆಕ್ಕ ಮುಗಿಸಿಬಿಡೋಣ. ಸಂಸ್ಕೃತ ‘ಪಶು’, ಶಕಾರ ಸಕಾರವಾಗಿ ತದ್ಭವ ‘ಪಸು’, ಆಮೇಲೆ ಪಕಾರ ಹಕಾರವಾಗಿ ‘ಹಸು’. ಪಾಲ್ ಹಾಲಾದ, ಪಣ ಹಣವಾದ ನಿಯಮವೇ. ಜರ್ಮ್ಯಾನಿಕ್ ‘ಪ’ ಕಳೆದುಕೊಂಡ ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ ಕನ್ನಡವೂ ಅದೇ ಪದದಲ್ಲಿ ‘ಪ’ ಕಳೆದುಕೊಂಡಿತು, ಒಂದಕ್ಕೊಂದು ಸಂಬಂಧವಿಲ್ಲದೆ. ಸರಿಯೇ?

ಹಳೆಪುಟ:
ಸರಿ, ಎರಡು ತಿದ್ದುಪಡಿಯೊಂದಿಗೆ. ಕನ್ನಡಕ್ಕೆ ಇದು ಎರವಲು, ಒಡಹುಟ್ಟಲ್ಲ. ‘ಫೀಸು’ ಕೂಡ ಎರವಲು. ಎಂದರೆ ಒಂದೇ ಮೂಲದ ಪದ ಕನ್ನಡಕ್ಕೆ ಎರಡು ಬಾಗಿಲಿಂದ ಬಂತು: ಸಂಸ್ಕೃತದಿಂದ ಒಮ್ಮೆ, ಇಂಗ್ಲಿಷಿನಿಂದ ಇನ್ನೊಮ್ಮೆ (ಮೇಲೆ ಹೇಳಿದ ಫ್ರಾಂಕರ ವಿವರಣೆ ನಿಂತರೆ).

ಎರಡನೆಯದು, ‘ಹಸುಗೂಸು’, ‘ಹಸುರು’, ‘ಹಸಿ’ಗಳನ್ನು ಇದಕ್ಕೆ ಸೇರಿಸಬೇಡಿ. ಅಲ್ಲಿರುವುದು ಎಳೆಯ, ಹಸಿರಾದ ಎಂಬರ್ಥದ ಅಚ್ಚ ದ್ರಾವಿಡ ‘ಪಸು’. ತಮಿಳಿನ ‘ಪಚ್ಚೈ’ ಅದರ ನೆಂಟ. ಹಳಗನ್ನಡದಲ್ಲಿ ಎರಡೂ ‘ಪಸು’ ಎಂದೇ ಇದ್ದುದರಿಂದ ವಾಕ್ಯ ನೋಡಿಯೇ ಬಿಡಿಸಬೇಕು.

ಗಮಕಿ:
ಅರ್ಥದ ನಂಟಿಗೆ ಬೇರೆ ಬೇರಿನ ಸಾಕ್ಷಿಗಳೂ ಉಂಟು. ಇಂಗ್ಲಿಷ್ ‘ಕ್ಯಾಟ್ಲ್’ ಮತ್ತು ‘ಕ್ಯಾಪಿಟಲ್’ ಎರಡೂ ಲ್ಯಾಟಿನ್ ‘ಕಪಿತಾಲೆ’ಯವು. ಅಲ್ಲಿ ದಾರಿ ಖಚಿತವಾಗಿ ಆಸ್ತಿಯಿಂದ ದನಕ್ಕೆ. ತಮಿಳಿನ ‘ಮಾಡು’ವಿಗೆ ದನ, ಸಂಪತ್ತು ಎರಡೂ ಅರ್ಥ, ತಿರುಕ್ಕುರಳಿನ 400ನೇ ಕುರಳಿನಲ್ಲಿ ಅದು ಸಂಪತ್ತು. ನಮ್ಮ ‘ದನ’ವನ್ನೂ ‘ಧನ’ದ ತದ್ಭವ ಎನ್ನುವುದುಂಟು. ಇವು ಯಾವುವೂ *ಫೆಹುವಿನ ನೆಂಟರಲ್ಲ. ಆದರೆ ‘ಧನ’ದಿಂದ ‘ದನ’ ಎಂಬುದು ನಿಜವಾದರೆ ‘ಕ್ಯಾಟ್ಲ್’ ಜೊತೆ ಸೇರಿ ಬೆನ್‌ವೆನಿಸ್ಟ್ ಪಕ್ಷಕ್ಕೆ ಎರಡು ಸಾಕ್ಷಿ ಸಿಕ್ಕ ಹಾಗಾಯಿತು, ಪದಜಾಡು ಅವರೇ. ತಕ್ಕಡಿ ಇನ್ನೊಮ್ಮೆ ನೋಡಿ.

ಪದಜಾಡು:
ನೋಡಿದೆ. ಆಸ್ತಿಯಿಂದ ದನಕ್ಕೆ ಅರ್ಥ ಇಳಿಯಬಲ್ಲದು ಎಂಬುದನ್ನು ‘ಕ್ಯಾಟ್ಲ್’ ತೋರಿಸುತ್ತದೆ, *ಪೆಕುವಿನಲ್ಲೂ ಹಾಗೇ ಆಯಿತು ಎಂಬುದನ್ನಲ್ಲ. ಪಶ್ತೋ, ಒಸ್ಸೇಟಿಯನ್ ಕುರಿಗಳು ಇನ್ನೂ ನಿಂತಲ್ಲೇ ನಿಂತಿವೆ.